ಹದಿನೆಂಟರ ಸಹಿಗೆ ಮೊದಲು

ಮೂವತ್ತು ವರ್ಷ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸಿದವಳು ನಾನು. ಅಢಾವೆ ಪತ್ರಿಕೆಯ ಎರಡೂ ಬದಿ ತಾಳೆಯಾಗುವವರೆಗೆ ಮಕ್ಕಳನ್ನು ಏಳಗೊಡದೆ ಲೆಕ್ಕ ಮಾಡಿಸಿದ್ದೇನೆ. ಆದರೆ ಇವತ್ತು ಪೋಷಕರಾದ ನಿಮ್ಮ ಮುಂದೆ ಓದಿನ ಖರ್ಚು, ಸಾಲದ ಬಗ್ಗೆ ಹೇಳಬೇಕೆಂದು ಬಂದಿರುವುದನ್ನು ನನಗೆ ಕಲಿಸಿದವನು ಒಬ್ಬ ಹುಡುಗ. ನನ್ನ ಬಳಿ ಓದಿ, ಮುಂದೆ ಬೇರೊಂದು ಸಂಸ್ಥೆಯಲ್ಲಿ ಪದವಿಗೆ ಸೇರಿದ್ದವನು. ಒಂದು ಮಧ್ಯಾಹ್ನ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. "ಮೇಡಂ, ಓದು ಬಿಡುತ್ತಿದ್ದೇನೆ. ನಿಮಗೆ ಹೇಳದೆ ಬಿಡಬಾರದು ಅನ್ನಿಸಿತು" ಎಂದ.

ಕೂರಿಸಿ ಕೇಳಿದಾಗ ವಿಷಯ ಹೊರಬಂತು. ತನ್ನ ಜನನ ಪ್ರಮಾಣಪತ್ರಕ್ಕಾಗಿ ಬೀರು ತಡಕುವಾಗ ಅಮ್ಮನ ಒಡವೆ ಅಡವಿಟ್ಟ ರಸೀದಿ ಅವನ ಕೈಗೆ ಸಿಕ್ಕಿತ್ತು. ದಿನಾಂಕ ನೋಡಿದರೆ ಅವನ ಎರಡನೆಯ ವರ್ಷದ ಶುಲ್ಕ ಕಟ್ಟಿದ ವಾರವೇ. ಮನೆಯಲ್ಲಿ ಯಾರೂ ಅವನಿಗೆ ಒಂದು ಮಾತು ಹೇಳಿರಲಿಲ್ಲ. ಇನ್ನೊಂದು ಸಂಗತಿಯನ್ನು ಅವನು ಮನೆಯವರಿಗೆ ಹೇಳಿರಲಿಲ್ಲ. ಹಾಸ್ಟೆಲ್, ಪರೀಕ್ಷೆ, ಪ್ರಾಜೆಕ್ಟ್ ಎಂದು ಸಂಸ್ಥೆ ಒಂದರ ಮೇಲೊಂದು ಕೇಳಿದ ಹಣಕ್ಕೆ ಅಪ್ಪನನ್ನು ಕೇಳಲು ಬಾಯಿ ಬಾರದೆ, ಮೊಬೈಲ್‌ನಲ್ಲಿ ಸಾಲ ಕೊಡುವ ಒಂದು ಆ್ಯಪ್‌ನಿಂದ ಮೂರು ಬಾರಿ ಸಾಲ ಎತ್ತಿದ್ದ. ಮಗನಿಗೆ ನೋವಾಗದಿರಲಿ ಎಂದು ಹೆತ್ತವರು ಮುಚ್ಚಿಟ್ಟಿದ್ದರು. ಹೆತ್ತವರಿಗೆ ನೋವಾಗದಿರಲಿ ಎಂದು ಮಗ ಮುಚ್ಚಿಟ್ಟಿದ್ದ. ಎರಡು ಕಡೆಯೂ ಪ್ರೀತಿಯೇ. ಆ ಪ್ರೀತಿಯೇ ಬಡ್ಡಿ ಹುಟ್ಟಿಸುತ್ತಿತ್ತು.

ಆ ಹುಡುಗನನ್ನು ದಡ್ಡ ಎನ್ನಲಾಗದು. ಸವಕಳಿ ಲೆಕ್ಕವನ್ನು ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದವನು. ಯಾವುದೋ ಕಂಪನಿಯ ಲಾಭ ನಷ್ಟ ಅವನಿಗೆ ಗೊತ್ತಿತ್ತು, ತನ್ನ ಮನೆಯ ಲಾಭ ನಷ್ಟ ಗೊತ್ತಿರಲಿಲ್ಲ. ಇಲ್ಲಿರುವ ನಿಮ್ಮನ್ನು ನಾನು ಕೇಳುವುದು ಇಷ್ಟೇ: ಹದಿನೆಂಟು ತುಂಬಿದ ಮಗುವಿನ ಮುಂದೆ ನಾವು ಅದರ ಜೀವನದ ಅತಿ ದೊಡ್ಡ ಸಾಲಪತ್ರ ಇಟ್ಟು, ಇಲ್ಲಿ ಸಹಿ ಹಾಕು ಎನ್ನುತ್ತೇವೆ. ಅಲ್ಲಿಯ ತನಕ ಅದು ಮನೆಯ ಒಂದೇ ಒಂದು ಬಿಲ್ಲನ್ನಾದರೂ ಕೈಯಲ್ಲಿ ಹಿಡಿದು ಓದಿದೆಯೇ?

ಓದಿನ ಖರ್ಚು ಏಕೆ ಹೀಗೆ ಏರುತ್ತಲೇ ಹೋಗುತ್ತದೆ ಎಂದು ಪೋಷಕರು ಯಾವಾಗಲೂ ಕೇಳುತ್ತಾರೆ. ದುರಾಸೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ದುರಾಸೆ ಇಲ್ಲದ ಕಡೆಯೂ ಖರ್ಚು ಏರುತ್ತದೆ. 1960ರ ದಶಕದಲ್ಲಿ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದಕ್ಕೊಂದು ಕಾರಣ ಹೇಳಿದರು. ನಾಲ್ವರು ವಾದ್ಯಗಾರರು ಕೂತು ನುಡಿಸುವ ಒಂದು ಸಂಗೀತ ಕೃತಿಗೆ ಇನ್ನೂರು ವರ್ಷದ ಹಿಂದೆ ನಾಲ್ವರು ಬೇಕಿತ್ತು, ಇವತ್ತೂ ನಾಲ್ವರೇ ಬೇಕು, ನುಡಿಸಲು ಅಷ್ಟೇ ಹೊತ್ತೂ ಬೇಕು. ಕಾರ್ಖಾನೆಯಲ್ಲಿ ಯಂತ್ರ ಬಂದು ಒಬ್ಬನೇ ಹತ್ತು ಜನರ ಕೆಲಸ ಮಾಡುತ್ತಾನೆ, ಅವನ ಸಂಬಳ ಏರುತ್ತದೆ. ವಾದ್ಯಗಾರನ ಕೆಲಸ ಬೇಗ ಮುಗಿಯುವುದಿಲ್ಲ, ಆದರೂ ಅವನ ಸಂಬಳವೂ ಏರಲೇಬೇಕು. ಏರದಿದ್ದರೆ ಅವನು ವಾದ್ಯ ಕೆಳಗಿಟ್ಟು ಕಾರ್ಖಾನೆಗೆ ಹೋಗುತ್ತಾನೆ. ಪಾಠ ಹೇಳುವುದೂ ಹಾಗೆಯೇ. ಮೂವತ್ತು ವರ್ಷದಲ್ಲಿ ಒಂದು ತರಗತಿಗೆ ನಾನು ಕಲಿಸುವ ವೇಗ ಹೆಚ್ಚಲಿಲ್ಲ, ನನ್ನ ಸಂಬಳ ಹೆಚ್ಚಿತು. ಆ ಹೆಚ್ಚಳವನ್ನು ಯಾರಾದರೂ ಕೊಡಲೇಬೇಕು. ಪ್ರಶ್ನೆ ಇರುವುದು ಯಾರು ಎಂಬಲ್ಲಿ. ಸರ್ಕಾರವೋ, ಹೆತ್ತವರೋ, ಓದುವ ಮಗುವೋ?

ಒಂದೊಂದು ದೇಶ ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ. ಇಂಗ್ಲೆಂಡ್‌ನಲ್ಲಿ ಒಂದು ಕಾಲಕ್ಕೆ ವಿದ್ಯಾರ್ಥಿಯ ಬೋಧನಾ ಶುಲ್ಕವನ್ನು ಸಾರ್ವಜನಿಕ ಹಣವೇ ಭರಿಸುತ್ತಿತ್ತು. ವಿದ್ಯಾರ್ಥಿ ಕಟ್ಟುವ ಶುಲ್ಕ 1998ರಲ್ಲಿ ವರ್ಷಕ್ಕೆ 1,000 ಪೌಂಡ್ ತನಕ ಎಂದು ಶುರುವಾಯಿತು. 2006ರಲ್ಲಿ 3,000ದ ಮಿತಿ ಬಂತು, 2012ರಲ್ಲಿ 9,000ದ ಮಿತಿ. 2025ರ ಹೊತ್ತಿಗೆ ಅದು 9,535 ಪೌಂಡ್. ಪಕ್ಕದ ಸ್ಕಾಟ್ಲೆಂಡ್‌ನಲ್ಲಿ ಅಲ್ಲಿಯ ಮಕ್ಕಳು ಅಲ್ಲಿಯೇ ಓದಿದರೆ ಮೊದಲ ಪದವಿಯ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ಜರ್ಮನಿಯ ಕೆಲವು ರಾಜ್ಯಗಳು 2006ರ ಸುಮಾರಿಗೆ ಸೆಮಿಸ್ಟರ್‌ಗೆ 500 ಯೂರೋ ತನಕ ಶುಲ್ಕ ವಿಧಿಸಿ ನೋಡಿದವು. ಜನ ಒಪ್ಪಲಿಲ್ಲ. 2014ರ ವೇಳೆಗೆ ಎಲ್ಲ ರಾಜ್ಯಗಳೂ ಅದನ್ನು ಕೈಬಿಟ್ಟವು. ಶುಲ್ಕವಿಲ್ಲ ಎಂದಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಬಾಡಿಗೆ, ಊಟ, ಓಡಾಟ ಅಲ್ಲಿಯೂ ವಿದ್ಯಾರ್ಥಿಯ ತಲೆಯ ಮೇಲೆಯೇ ಇವೆ. ಅಮೆರಿಕದಲ್ಲಿ ಮಾತು ಇನ್ನೂ ಗೋಜಲು. ಅಲ್ಲಿ ಕಾಲೇಜು ಪ್ರಕಟಿಸುವ ಶುಲ್ಕ ಒಂದು, ನೆರವು ಕಳೆದು ಮನೆಯವರು ನಿಜವಾಗಿ ಕಟ್ಟುವ ಹಣ ಇನ್ನೊಂದು. ಈ ಎರಡನೆಯ ಅಂಕಿಯನ್ನು ಅಂದಾಜು ಮಾಡುವ ಸಾಧನವನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಇಡಲೇಬೇಕೆಂದು 2011ರಿಂದ ಕಾನೂನೇ ಇದೆ. ಯಾವ ದೇಶದಲ್ಲಿ ಓದಿಸಿದರೂ ಈ ಎರಡನೆಯ ಅಂಕಿಯನ್ನೇ ಕೇಳಿ. ಒಂದು ವರ್ಷಕ್ಕಲ್ಲ, ಪೂರ್ತಿ ಕೋರ್ಸಿಗೆ ಕೇಳಿ. ಬಾಯಿಮಾತು ಬೇಡ, ಬರೆದು ಕೊಡಿ ಎನ್ನಿ. ಬಾಗಿಲಲ್ಲಿ ನಿಂತ ಆ ಹುಡುಗನ ಅಪ್ಪ ನೋಡಿದ್ದು ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಮೊದಲ ವರ್ಷದ ಶುಲ್ಕವನ್ನು ಮಾತ್ರ.

ಸಾಲದ ಮಾತಿಗೆ ಬರುತ್ತೇನೆ. ಎಲ್ಲ ಸಾಲವೂ ಒಂದೇ ಜಾತಿಯದಲ್ಲ. ಆಸ್ಟ್ರೇಲಿಯಾ 1989ರಲ್ಲಿ ಒಂದು ಪದ್ಧತಿ ತಂದಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್ಮನ್. ಓದುವಾಗ ಏನೂ ಕಟ್ಟಬೇಕಿಲ್ಲ. ದುಡಿಯಲು ತೊಡಗಿ, ಆದಾಯ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆಗೇ ಕಂತು ಕಳೆದುಹೋಗುತ್ತದೆ. ಆದಾಯ ಕುಸಿದರೆ ಕಂತೂ ನಿಲ್ಲುತ್ತದೆ. ಇಂಗ್ಲೆಂಡ್‌ನದೂ ಇದೇ ದಾರಿ. ಮಿತಿಗಿಂತ ಮೇಲಿನ ಗಳಿಕೆಯ ಶೇ 9ರಷ್ಟು ಕಟ್ಟಬೇಕು. 2023ರಿಂದ ಈಚೆಗೆ ಪದವಿಗೆ ಸೇರಿದವರಿಗೆ 40 ವರ್ಷದ ನಂತರ ಉಳಿದ ಬಾಕಿ ಮನ್ನಾ ಆಗುತ್ತದೆ. ಇಂಥ ಸಾಲ ಹೊರೆಯೇ ಸರಿ, ಆದರೆ ಕೆಲಸ ಸಿಗದ ತಿಂಗಳಲ್ಲಿ ಅದು ಬಾಗಿಲು ಬಡಿಯುವುದಿಲ್ಲ. ಬ್ಯಾಂಕಿನ ಸಾಮಾನ್ಯ ಸಾಲ ಹಾಗಲ್ಲ. ಕೆಲಸ ಸಿಕ್ಕಿತೇ ಬಿಟ್ಟಿತೇ ಎಂದು ಅದು ಕೇಳುವುದಿಲ್ಲ. ದಿನಾಂಕ ಬಂದರೆ ಕಂತು ಬರಬೇಕು. ನಿಮ್ಮ ಮಗುವಿನ ಮುಂದಿರುವುದು ಇವೆರಡರಲ್ಲಿ ಯಾವುದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಡ್ಡಿ ದರದ ಮಾತು ಆಮೇಲೆ.

ಒಂದು ಲೆಕ್ಕ ಹೇಳುತ್ತೇನೆ. ಕಾಗದ ಇರುವವರು ಬರೆದುಕೊಳ್ಳಿ. ಯಾವ ದೇಶದ ಹಣವಾದರೂ ಆಗಲಿ, ಒಂದು ಲಕ್ಷ ಸಾಲ, ಶೇ 10ರ ಬಡ್ಡಿ. ನಾಲ್ಕು ವರ್ಷದ ಓದು ಮುಗಿಯುವ ತನಕ ಏನೂ ಕಟ್ಟುವುದಿಲ್ಲ, ವರ್ಷಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ ಎಂದಿಟ್ಟುಕೊಳ್ಳಿ. ಪದವಿ ಕೈಗೆ ಬರುವ ದಿನ ಸಾಲ 1,46,410. ಅಲ್ಲಿಂದ ಹತ್ತು ವರ್ಷ ತಿಂಗಳ ಕಂತು ಕಟ್ಟುತ್ತಾ ಹೋದರೆ ಒಟ್ಟು ಕಟ್ಟಿದ ಹಣ ಸುಮಾರು 2,32,200. ಈಗ ಅದನ್ನೇ ಸ್ವಲ್ಪ ಬದಲಿಸಿ. ಓದುವ ನಾಲ್ಕು ವರ್ಷವೂ ಬಡ್ಡಿಯನ್ನಷ್ಟೇ, ವರ್ಷಕ್ಕೆ 10,000, ಮನೆಯವರು ಕಟ್ಟಿಕೊಂಡು ಬಂದರು. ಆಗ ಹತ್ತು ವರ್ಷದ ಕಂತೂ ಸೇರಿ ಒಟ್ಟು ಹೋಗುವುದು ಸುಮಾರು 1,98,600. ಹೆಚ್ಚೂಕಡಿಮೆ 33,600 ಉಳಿಯಿತು. ಈ ಲೆಕ್ಕ ಹಾಕಲು ಪಂಡಿತರು ಬೇಕಿಲ್ಲ. ಹದಿನಾರರ ಮಗು ಮೊಬೈಲ್‌ನಲ್ಲಿ ಹತ್ತು ನಿಮಿಷದಲ್ಲಿ ಮಾಡುತ್ತದೆ. ನಾವು ಮಾಡಿಸಬೇಕು, ಅಷ್ಟೇ. ಬಾಯಿಲೆಕ್ಕಕ್ಕೆ ಇನ್ನೊಂದು ಹಳೆಯ ಉಪಾಯವಿದೆ: 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹಣ ಇಮ್ಮಡಿಯಾಗುತ್ತದೆಂದು ಸುಮಾರಾಗಿ ಗೊತ್ತಾಗುತ್ತದೆ. ಶೇ 9 ಆದರೆ 8 ವರ್ಷ, ಶೇ 12 ಆದರೆ 6 ವರ್ಷ. ಸಾಲಕ್ಕೂ ಇದೇ ಸೂತ್ರ, ಉಳಿತಾಯಕ್ಕೂ ಇದೇ.

ಶುಲ್ಕದ ಹೊರಗೆ ಇನ್ನೊಂದು ಬೆಲೆ ಇದೆ, ಅದು ಯಾವ ರಸೀದಿಯಲ್ಲೂ ಬರೆದಿರುವುದಿಲ್ಲ. ಅದು ವರ್ಷಗಳ ಬೆಲೆ. ನಾಲ್ಕು ವರ್ಷ ಓದಿದ ಮಗು ಆ ನಾಲ್ಕು ವರ್ಷ ದುಡಿದಿಲ್ಲ. ಆ ದುಡಿಮೆಯೂ ಖರ್ಚಿನ ಪಟ್ಟಿಯಲ್ಲಿ ಬರಬೇಕು. ಹಾಗೆಂದು ಓದು ಬೇಡವೆಂದು ನಾನು ಹೇಳುತ್ತಿಲ್ಲ. ಪದವಿ ಪಡೆದವರು ಸರಾಸರಿಯಾಗಿ ಜೀವನದುದ್ದಕ್ಕೂ ಹೆಚ್ಚು ಗಳಿಸುತ್ತಾರೆಂಬುದು ಅನೇಕ ದೇಶಗಳಲ್ಲಿ ಕಂಡಿರುವ ಸತ್ಯ. ಡಾಕ್ಟರಾಗಬೇಕೆಂದರೆ ಬೇರೆ ದಾರಿಯೇ ಇಲ್ಲ. ಆದರೆ ಸರಾಸರಿ ಎಂಬುದು ನಿಮ್ಮ ಮಗುವಿನ ಹೆಸರಲ್ಲ. ಯಾವ ವಿಷಯ, ಯಾವ ಸಂಸ್ಥೆ, ಎಲ್ಲಕ್ಕಿಂತ ಮುಖ್ಯವಾಗಿ ಮಗು ಅದನ್ನು ಮುಗಿಸುತ್ತದೆಯೇ? ಅಮೆರಿಕದಲ್ಲಿ ವಿದ್ಯಾರ್ಥಿ ಸಾಲದ ಒಟ್ಟು ಮೊತ್ತ 1.6 ಲಕ್ಷ ಕೋಟಿ ಡಾಲರ್ ದಾಟಿದೆ. ಅಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲುವವರಲ್ಲಿ ಹೆಚ್ಚಿನವರು ದೊಡ್ಡ ಸಾಲ ಮಾಡಿದ ವೈದ್ಯರೋ ವಕೀಲರೋ ಅಲ್ಲ. ಸಣ್ಣ ಸಾಲ ಮಾಡಿ, ಓದು ನಡುವೆ ಬಿಟ್ಟವರು. ಸಾಲ ಉಳಿಯಿತು, ಪದವಿ ಬರಲಿಲ್ಲ. ಇದಕ್ಕಿಂತ ಕೆಟ್ಟ ವ್ಯಾಪಾರ ಇನ್ನೊಂದಿಲ್ಲ. ಮನೆಯವರ ಮಾನಕ್ಕೆ ಹೆದರಿ ಮಗುವನ್ನು ಇಷ್ಟವಿಲ್ಲದ ಕೋರ್ಸಿಗೆ ತಳ್ಳುವವರು ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹಾಗಾದರೆ ಇನ್ನೊಂದು ದಾರಿ ಯಾವುದು? ಅಪ್ರೆಂಟಿಸ್‌ಶಿಪ್. ಕೆಲಸ ಮಾಡುತ್ತಾ ಕಲಿಯುವುದು, ಕಲಿಯುತ್ತಾ ಸಂಬಳ ಪಡೆಯುವುದು. ಈ ಮಾತು ಎತ್ತಿದ ಕೂಡಲೇ ಸಭೆಯಲ್ಲಿ ಕೆಲವರ ಮುಖ ಬಾಡುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಓದಲು ಬಾರದವರ ದಾರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಕಥೆ ಹೇಳಿಯೇ ಮುಂದೆ ಹೋಗುತ್ತೇನೆ.

ಫ್ಯಾರಡೆ ಕಮ್ಮಾರನ ಮಗ. 1805ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಲಂಡನ್‌ನ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಬೈಂಡಿಂಗ್ ಕಲಿಯಲು ಸೇರಿದ. ಏಳು ವರ್ಷದ ಕರಾರು. ಹೊಲಿಯಲು ಬಂದ ಪುಸ್ತಕಗಳನ್ನೆಲ್ಲ ಓದಿದ. ಒಡೆಯ ಬೇಡವೆನ್ನಲಿಲ್ಲ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಒಬ್ಬರು ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಹುಡುಗ ಕೇಳಿದ್ದನ್ನೆಲ್ಲ ಬರೆದುಕೊಂಡ, ಚಿತ್ರ ಬಿಡಿಸಿದ, ತಾನೇ ಹೊಲಿದು ಬೈಂಡ್ ಮಾಡಿ ಆ ಪುಸ್ತಕವನ್ನು ಡೇವಿಗೆ ಕಳಿಸಿದ. ಮರುವರ್ಷ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ಅವನು ಕಂಡುಹಿಡಿದ, ಅಯಸ್ಕಾಂತ ಚಲಿಸಿದರೆ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುವ ವಿದ್ಯುತ್ಕಾಂತೀಯ ಪ್ರೇರಣೆಯ ತತ್ವದ ಮೇಲೆಯೇ ಇಂದಿನ ಜನರೇಟರುಗಳು ತಿರುಗುತ್ತಿವೆ. ವಿಶ್ವವಿದ್ಯಾಲಯದಲ್ಲಿ ಅವನು ಓದಲೇ ಇಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಬೈಂಡ್ ಮಾಡಿದ ಪುಸ್ತಕ. ಕೈಯಲ್ಲಿ ಕಸುಬು ಇಲ್ಲದಿದ್ದರೆ ಆ ಪುಸ್ತಕವೂ ಇರುತ್ತಿರಲಿಲ್ಲ.

ಎಲ್ಲ ಅಪ್ರೆಂಟಿಸ್‌ಗಳಿಗೂ ರೀಬೋನಂಥ ಒಡೆಯ ಸಿಗುತ್ತಿರಲಿಲ್ಲ ಎಂಬುದೂ ನಿಜ. ಇಂಗ್ಲೆಂಡ್‌ನಲ್ಲಿ 1563ರ ಒಂದು ಶಾಸನ ಏಳು ವರ್ಷದ ಕಲಿಕೆ ಇಲ್ಲದೆ ಕಸುಬು ಹಿಡಿಯಕೂಡದೆಂದು ಹೇಳಿತು. ಎರಡು ವರ್ಷದಲ್ಲಿ ಕಲಿಯುವ ಕೆಲಸಕ್ಕೂ ಏಳು ವರ್ಷ ದುಡಿಸಿಕೊಳ್ಳಲು ಅದು ದಾರಿಯಾಯಿತು. 1814ರಲ್ಲಿ ಆ ಕಲಮುಗಳು ರದ್ದಾದವು. ಇವತ್ತಿಗೂ ಕಲಿಕೆಯ ಹೆಸರಲ್ಲಿ ಅಗ್ಗದ ದುಡಿಮೆ ಮಾಡಿಸಿಕೊಳ್ಳುವ ಜನ ಇದ್ದಾರೆ. ಮೂರು ವರ್ಷ ಲೋಟ ತೊಳೆದು, ಗೋದಾಮು ಗುಡಿಸಿ, ಕೊನೆಗೆ ಒಂದು ಕಾಗದವೂ ಇಲ್ಲದೆ ಹೊರಬಿದ್ದ ಮಕ್ಕಳನ್ನು ನಾನು ಬಲ್ಲೆ. ಅವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಅಪ್ರೆಂಟಿಸ್‌ಶಿಪ್ ಹೇಗಿರುತ್ತದೆ ಎಂಬುದಕ್ಕೆ ಜರ್ಮನಿಯನ್ನು ನೋಡಬೇಕು. 1969ರ ವೃತ್ತಿ ತರಬೇತಿ ಕಾಯ್ದೆಯ ಬುನಾದಿಯ ಮೇಲೆ ಅಲ್ಲಿ 300ಕ್ಕೂ ಹೆಚ್ಚು ವೃತ್ತಿಗಳಲ್ಲಿ ತರಬೇತಿ ನಡೆಯುತ್ತದೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಒಂದೆರಡು ದಿನ ವೃತ್ತಿ ಶಾಲೆಯಲ್ಲಿ. ಎರಡರಿಂದ ಮೂರೂವರೆ ವರ್ಷ. ಬರೆದ ಕರಾರು ಇರುತ್ತದೆ, ಅದು ವಾಣಿಜ್ಯ ಮಂಡಳಿಯಲ್ಲೋ ಕುಶಲಕರ್ಮಿಗಳ ಮಂಡಳಿಯಲ್ಲೋ ನೋಂದಣಿಯಾಗುತ್ತದೆ, ಪರೀಕ್ಷೆಯನ್ನು ಆ ಮಂಡಳಿ ನಡೆಸುತ್ತದೆ, ಕೆಲಸ ಕೊಟ್ಟ ಒಡೆಯನಲ್ಲ. 2020ರಿಂದ ಕನಿಷ್ಠ ಭತ್ಯೆಯನ್ನೂ ಕಾನೂನೇ ಗೊತ್ತುಪಡಿಸಿದೆ. ಸ್ವಿಟ್ಜರ್‌ಲೆಂಡ್‌ನಲ್ಲಿ ಕಡ್ಡಾಯ ಶಾಲೆ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗ ವೃತ್ತಿ ತರಬೇತಿಯ ದಾರಿ ಹಿಡಿಯುತ್ತಾರೆ. ಅಲ್ಲಿ ಗೋಡೆ ಕಟ್ಟುವವರು ಮಾತ್ರವಲ್ಲ, ಬ್ಯಾಂಕಿನ ಗುಮಾಸ್ತರೂ ಹೀಗೆಯೇ ಕಲಿಯುತ್ತಾರೆ. ಯುಬಿಎಸ್ ಬ್ಯಾಂಕಿನ ಮುಖ್ಯಸ್ಥ ಸೆರ್ಜಿಯೊ ಎರ್ಮೊಟ್ಟಿ ಹದಿಹರೆಯದಲ್ಲಿ ಲುಗಾನೋದ ಒಂದು ಬ್ಯಾಂಕಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು. ಇದಕ್ಕಿಂತ ಮುಖ್ಯವಾದದ್ದು, ತರಬೇತಿಯ ಜೊತೆಗೆ ಇನ್ನೊಂದು ಪರೀಕ್ಷೆ ಪಾಸಾದರೆ ಉನ್ನತ ಶಿಕ್ಷಣದ ಬಾಗಿಲು ಅಲ್ಲಿ ತೆರೆದೇ ಇರುತ್ತದೆ. ಇಂಗ್ಲೆಂಡ್ 2015ರಿಂದ ಪದವಿ ಸಹಿತ ಅಪ್ರೆಂಟಿಸ್‌ಶಿಪ್ ತಂದಿದೆ. ಶುಲ್ಕ ವಿದ್ಯಾರ್ಥಿಯದಲ್ಲ. ದೊಡ್ಡ ಕಂಪನಿಗಳು ತಾವು ಕೊಡುವ ಒಟ್ಟು ಸಂಬಳದ ಶೇ 0.5ರ ದರದಲ್ಲಿ ಕಟ್ಟುವ ಒಂದು ತೆರಿಗೆಯನ್ನು ಇಂಥ ತರಬೇತಿಗೆಂದೇ 2017ರಲ್ಲಿ ಹೇರಲಾಯಿತು.

ಪಟ್ಟಿ ಸಾಕು. ನನ್ನ ಅಕ್ಕನ ಮಗನ ಮಾತು ಹೇಳುತ್ತೇನೆ. ಅವನು ಒಂದು ಯಂತ್ರ ತಯಾರಿಕಾ ಘಟಕದಲ್ಲಿ ಅಪ್ರೆಂಟಿಸ್ ಆಗಿ ಸೇರಿದಾಗ ಮನೆಯಲ್ಲಿ ಸಂಭ್ರಮವೇನೂ ಇರಲಿಲ್ಲ. ಅಕ್ಕ ನಾಲ್ಕು ದಿನ ಸರಿಯಾಗಿ ಮಾತನಾಡಲಿಲ್ಲ. ಒಂದು ದಿನ ಅವನ ಊಟದ ಡಬ್ಬಿ ಮರೆತುಹೋಗಿತ್ತು, ಕೊಡಲು ನಾನು ಹೋದೆ. ವೈಸ್ ಎಂಬ ಬಿಗಿಹಿಡಿಯುವ ಸಾಧನದಲ್ಲಿ ಮುಷ್ಟಿಗಾತ್ರದ ಒಂದು ಕಬ್ಬಿಣದ ತುಂಡು ಬಿಗಿದಿತ್ತು. ಅವನು ಫೈಲ್ ಎಂಬ ಅರ ಹಿಡಿದು ಅದರ ಮೇಲ್ಮೈಯನ್ನು ಉಜ್ಜುತ್ತಿದ್ದ. ಹತ್ತು ಬಾರಿ ಉಜ್ಜುವುದು, ಪುಡಿ ಒರೆಸುವುದು, ಟ್ರೈ ಸ್ಕ್ವೇರ್ ಎಂಬ ಮೂಲೆ ನೋಡುವ ಸಾಧನವನ್ನು ಅಂಚಿಗೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುವುದು. ಅಂಚಿನಡಿ ಕೂದಲೆಳೆಯಷ್ಟು ಬೆಳಕು ಕಂಡರೆ ಅಲ್ಲಿ ತಗ್ಗಿದೆ ಎಂದರ್ಥ. ಮತ್ತೆ ಉಜ್ಜು. "ಎಷ್ಟು ದಿನದಿಂದ?" ಎಂದೆ. "ಮೂರನೇ ವಾರ ಚಿಕ್ಕಮ್ಮ. ನಾಲ್ಕು ಮುಖ ಆಯಿತು, ಎರಡು ಉಳಿದಿದೆ" ಎಂದ. ಅಂಗೈ ತೋರಿಸಿದ. ಬೊಬ್ಬೆ ಒಡೆದು ಗಟ್ಟಿಯಾಗಿತ್ತು. ನನಗೆ ಕಣ್ಣು ತುಂಬಿತು, ಅವನಿಗೆ ಹೆಮ್ಮೆ.

ಅವನಿಗೆ ಕಲಿಸುತ್ತಿದ್ದ ಹಿರಿಯ ಫಿಟ್ಟರ್ ಒಂದು ಕೆಲಸ ಮಾಡುತ್ತಿದ್ದರು. ಹುಡುಗರು ಮುರಿದ ಡ್ರಿಲ್ ಬಿಟ್‌ಗಳನ್ನೆಲ್ಲ ಒಂದು ಹಳೆಯ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ತಿಂಗಳ ಕೊನೆಗೆ ಡಬ್ಬಿ ಮಗುಚಿ, ಒಂದೊಂದರ ಬೆಲೆಯನ್ನೂ ಹುಡುಗರ ಒಂದು ಗಂಟೆಯ ಸ್ಟೈಪೆಂಡ್‌ನಿಂದ ಭಾಗಿಸಲು ಹೇಳುತ್ತಿದ್ದರು. ಈ ಬಿಟ್ ನಿನ್ನ ಆರು ಗಂಟೆ, ಇದು ಹನ್ನೊಂದು ಗಂಟೆ. ಒಂದು ಪೈಸೆಯನ್ನೂ ಸಂಬಳದಿಂದ ಮುರಿಯುತ್ತಿರಲಿಲ್ಲ. ಗೊತ್ತಿರಲಿ ಎಂದಷ್ಟೇ. ಮೂವತ್ತು ವರ್ಷದ ನನ್ನ ಪಾಠದಲ್ಲಿ ಹಣದ ಬೆಲೆಯನ್ನು ಇಷ್ಟು ಚೆನ್ನಾಗಿ ನಾನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ಆ ತಿಂಗಳು ಅವನು ಕೊಳ್ಳಬೇಕೆಂದಿದ್ದ ಮೊಬೈಲನ್ನೂ ಗಂಟೆಗೆ ಪರಿವರ್ತಿಸಿ ನೋಡಿದನಂತೆ. ಕೊಳ್ಳಲಿಲ್ಲ. ನಾವು ಬೇಡವೆಂದಿದ್ದರೆ ಕೊಂಡೇ ತೀರುತ್ತಿದ್ದ.

ಈ ದಾರಿಯಲ್ಲೂ ತೊಂದರೆ ಇದೆ, ಮುಚ್ಚಿಡಬಾರದು. ಅರ್ಥಶಾಸ್ತ್ರಜ್ಞ ಎರಿಕ್ ಹನುಷೆಕ್ ಮತ್ತು ಸಂಗಡಿಗರು 11 ದೇಶಗಳ ಅಂಕಿಅಂಶ ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದು: ವೃತ್ತಿ ಶಿಕ್ಷಣ ಪಡೆದವರಿಗೆ ಮೊದಲ ಕೆಲಸ ಸುಲಭವಾಗಿ ಸಿಗುತ್ತದೆ, ಆದರೆ ವಯಸ್ಸಾಗುತ್ತಾ ತಂತ್ರಜ್ಞಾನ ಬದಲಾದಾಗ ಆ ಅನುಕೂಲ ಕರಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲಿಯೂ ಕೇಳಲೇಬೇಕು. ಕರಾರು ಬರಹದಲ್ಲಿದೆಯೇ, ಕಲಿಸುವವರು ಯಾರು, ಪರೀಕ್ಷೆ ನಡೆಸುವವರು ಯಾರು, ಪ್ರಮಾಣಪತ್ರಕ್ಕೆ ಹೊರಗೆ ಬೆಲೆ ಇದೆಯೇ, ಮುಂದೆ ಓದಬೇಕೆಂದರೆ ದಾರಿ ತೆರೆದಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ ನಾನು ಹಿಂಜರಿಯುತ್ತೇನೆ.

ಇಷ್ಟೆಲ್ಲ ತೂಗಿ ನೋಡುವ ಶಕ್ತಿ ಹದಿನೆಂಟನೆಯ ಹುಟ್ಟುಹಬ್ಬದ ಬೆಳಿಗ್ಗೆ ಆಕಾಶದಿಂದ ಇಳಿದು ಬರುವುದಿಲ್ಲ. ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ 2012ರಿಂದ ಹದಿನೈದರ ಮಕ್ಕಳ ಹಣಕಾಸು ತಿಳಿವಳಿಕೆಯನ್ನೂ ಅಳೆಯುತ್ತಿದೆ. 2022ರಲ್ಲಿ ಅದರಲ್ಲಿ ಭಾಗವಹಿಸಿದ ಸಿರಿವಂತ ದೇಶಗಳಲ್ಲೇ ಹೆಚ್ಚೂಕಡಿಮೆ ಐವರಲ್ಲಿ ಒಬ್ಬರು ಕನಿಷ್ಠ ಮಟ್ಟ ಮುಟ್ಟಲಿಲ್ಲ. ಶಾಲೆ ಕಲಿಸಲಿ ಎಂದು ನಾವು ಹೇಳಬಹುದು. ನಾನೂ ಶಾಲೆಯವಳೇ, ಕಲಿಸಿದ್ದೇನೆ. ಆದರೆ ಪುಸ್ತಕದ ಹಣ ಖರ್ಚಾಗುವುದಿಲ್ಲ, ಕಳೆದುಹೋಗುವುದಿಲ್ಲ. ಕಳೆದುಕೊಂಡಾಗ ಹೊಟ್ಟೆಯಲ್ಲಿ ಆಗುವ ಸಂಕಟವನ್ನು ಪುಸ್ತಕ ಕಲಿಸಲಾರದು.

ಆ ಹುಡುಗ ಬಾಗಿಲಲ್ಲಿ ನಿಂತು ಹೋದ ವಾರವೇ ನಾನು ನಮ್ಮ ಮನೆಯ ಲೆಕ್ಕದ ಪುಸ್ತಕವನ್ನು ಊಟದ ಮೇಜಿನ ಮೇಲೆ ತೆರೆದಿಟ್ಟೆ. ಮಗಳಿಗೆ ಹದಿನಾಲ್ಕು, ಮಗನಿಗೆ ಹದಿನಾರು. ನಮ್ಮಿಬ್ಬರ ಸಂಬಳ ಎಷ್ಟು, ಮನೆ ಸಾಲದ ಕಂತು ಎಷ್ಟು, ಅಜ್ಜಿಯ ಔಷಧಿಗೆ ಎಷ್ಟು, ಎಲ್ಲವನ್ನೂ ಓದಿ ಹೇಳಿದೆ. ನನ್ನ ಯಜಮಾನರಿಗೆ ಇದು ಹಿಡಿಸಿರಲಿಲ್ಲ. ಮಕ್ಕಳ ತಲೆಗೆ ಏಕೆ ಈ ಭಾರ ಎಂದಿದ್ದರು. ಮಗಳು ಬೆರಳಿಟ್ಟು ಸಾಲು ಸಾಲಾಗಿ ನೋಡುತ್ತಾ ಬಂದು, ಕೊನೆಯಲ್ಲಿ ಉಳಿದ ಮೊತ್ತದ ಮೇಲೆ ಬೆರಳು ನಿಲ್ಲಿಸಿ, ಮೆಲ್ಲಗೆ "ಅಮ್ಮ, ನಾವು ಬಡವರಾ?" ಎಂದಳು.

ಎದೆ ಧಸಕ್ಕೆಂದಿತು. ಪುಸ್ತಕ ಮುಚ್ಚಿಬಿಡೋಣ ಎನ್ನಿಸಿತು. ಉತ್ತರ ಕೊಟ್ಟವರು ಅವಳ ಅಪ್ಪನೇ. "ಇಲ್ಲ ಮಗಳೇ. ಇಷ್ಟರಲ್ಲೇ ನಾವು ನಾಲ್ವರೂ ಅಜ್ಜಿಯೂ ಇದ್ದೇವೆ. ಹೇಗೆ ಸಾಲುತ್ತದೆ ಎಂದು ಮುಂದಿನ ತಿಂಗಳು ನೀನೇ ಬರೆದು ನೋಡು" ಎಂದರು. ಆ ತಿಂಗಳ ಪುಸ್ತಕ ಅವಳ ಕೈಯಲ್ಲಿತ್ತು. ಹಾಲಿನವನ ಲೆಕ್ಕದಲ್ಲಿ ಎರಡು ದಿನ ತಪ್ಪಾಗಿದ್ದನ್ನು ಹಿಡಿದಳು. ಖಾಲಿ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನನ್ನು ಆರಿಸಲು ನಾನು ವರ್ಷಗಟ್ಟಲೆ ಕೂಗಿದ್ದೆ. ಆ ತಿಂಗಳು ಅವಳು ನನ್ನನ್ನು ಕೂಗಿದಳು.

ಮಗನ ವಿಷಯದಲ್ಲಿ ಬೇರೆ ಕ್ರಮ ಹಿಡಿದೆವು. ವರ್ಷದ ಬಟ್ಟೆಬರೆ ಮತ್ತು ಪಾದರಕ್ಷೆಯ ಹಣವನ್ನು ಒಟ್ಟಿಗೆ ಅವನ ಖಾತೆಗೆ ಹಾಕಿ, ಇನ್ನು ಹನ್ನೆರಡು ತಿಂಗಳು ಇದರಲ್ಲೇ ನಿನ್ನದು ಎಂದೆವು. ಎರಡನೆಯ ವಾರ ಅವನು ಮುಕ್ಕಾಲು ಪಾಲು ಸುರಿದು ಒಂದು ಜೊತೆ ಶೂ ತಂದ. ಅಲ್ಲಿಂದ ಮುಂದಿನ ತಿಂಗಳುಗಳು ನನಗೆ ಕಷ್ಟವಾದವು. ತೋಳು ಗಿಡ್ಡವಾದ ಅಂಗಿಯಲ್ಲಿ ಮದುವೆ ಮನೆಗೆ ಬಂದ. ಬಂಧುಗಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಒಂದು ಅಂಗಿ ಕೊಡಿಸಿಬಿಡಲು ಕೈ ತವಕಿಸುತ್ತಿತ್ತು. ಕೊಡಿಸಲಿಲ್ಲ. ಮಕ್ಕಳಿಗೆ ಹಣ ಕೊಡುವುದು ಸುಲಭ, ಕೊಟ್ಟ ಮೇಲೆ ಸುಮ್ಮನಿರುವುದು ಕಷ್ಟ. ನಮ್ಮ ಮನೆಯಲ್ಲಿ ಆ ವರ್ಷ ಪಾಠ ಕಲಿತವರಲ್ಲಿ ನಾನೂ ಒಬ್ಬಳು. ಎರಡನೆಯ ವರ್ಷ ಅವನು ಹಣವನ್ನು ನಾಲ್ಕು ಭಾಗ ಮಾಡಿಕೊಂಡ. ಯಾರೂ ಹೇಳಿರಲಿಲ್ಲ.

ಆರಂಭದಲ್ಲಾದರೂ ಕೈಗೆ ನೋಟು ಕೊಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಇಬ್ಬರು ಸಂಶೋಧಕರು ಆಟದ ಟಿಕೆಟ್‌ಗಳನ್ನು ಹರಾಜಿಗೆ ಇಟ್ಟು ನೋಡಿದರು. ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕೆಂದು ತಿಳಿದವರು ಕೂಗಿದ ಬೆಲೆ, ನಗದು ಕೊಡಬೇಕೆಂದು ತಿಳಿದವರಿಗಿಂತ ಸುಮಾರು ಇಮ್ಮಡಿ ಇತ್ತು. ಇವರು ವಿದ್ಯಾವಂತ ದೊಡ್ಡವರು. ಬೆರಳು ಒತ್ತಿ ಹಣ ಕಳಿಸುವ ಹದಿಹರೆಯದವರಿಗೆ ಪರ್ಸ್ ತೆಳ್ಳಗಾಗುವುದು ಕಾಣುವುದಾದರೂ ಹೇಗೆ?

ಬಾಗಿಲಲ್ಲಿ ನಿಂತ ಹುಡುಗ ಏನಾದ ಎಂದು ಮುಂದಿನ ಸಾಲಿನ ತಾಯಿಯೊಬ್ಬರು ಆಗಲೇ ಸನ್ನೆಯಲ್ಲಿ ಕೇಳಿದರು. ಅವನ ತಂದೆ ತಾಯಿಯನ್ನು ಕರೆಸಿ, ಮೂವರನ್ನೂ ಒಂದೇ ಮೇಜಿಗೆ ಕೂರಿಸಿ, ಎಲ್ಲ ರಸೀದಿಗಳನ್ನೂ ಹರಡಿದೆವು. ತಾಯಿ ಅತ್ತರು. ಆ್ಯಪ್‌ನ ಸಾಲದ ಬಡ್ಡಿಯೇ ಎಲ್ಲಕ್ಕಿಂತ ಹೆಚ್ಚಿತ್ತು, ಅದನ್ನು ಮೊದಲು ತೀರಿಸಿದರು. ಅವನು ಹಾಸ್ಟೆಲ್ ಬಿಟ್ಟು ಸಂಬಂಧಿಕರ ಮನೆಯಿಂದ ಓಡಾಡಿದ, ಸಂಜೆ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಹಿಡಿದ. ಓದು ಮುಗಿಯಿತು. ಒಡವೆ ಬಿಡಿಸಿಕೊಳ್ಳಲು ಇನ್ನೂ ಎರಡು ವರ್ಷ ಹಿಡಿಯಿತು.

ಅಕ್ಕನ ಮಗ ತರಬೇತಿ ಮುಗಿಸಿ ಅದೇ ಘಟಕದಲ್ಲಿ ಕಾಯಂ ಆದ. ಕಳೆದ ವರ್ಷ ಸಂಜೆ ತರಗತಿಯ ಡಿಪ್ಲೊಮಾಕ್ಕೆ ಸೇರಬೇಕೆಂದು ಸಾಲ ಕೊಡುವ ಒಂದು ಕಚೇರಿಗೆ ಹೋಗಿದ್ದ. ಅಲ್ಲಿಂದಲೇ ನನಗೆ ಫೋನ್ ಮಾಡಿದ. "ಚಿಕ್ಕಮ್ಮ, ಶೇ 10 ಎನ್ನುತ್ತಿದ್ದಾರೆ, ಐದು ವರ್ಷಕ್ಕೆ. ಬಡ್ಡಿ ಇಳಿಯುವ ಬಾಕಿಯ ಮೇಲೋ ಪೂರ್ತಿ ಅಸಲಿನ ಮೇಲೋ ಎಂದು ಕೇಳಿದರೆ ಪೂರ್ತಿ ಅಸಲಿನ ಮೇಲೆ ಎಂದರು. ಹಾಗಾದರೆ ನಿಜವಾದ ದರ ಎಷ್ಟಾಗುತ್ತದೆ?" ಕಂತಿನಲ್ಲಿ ತೀರಿಸಿದ ಹಣಕ್ಕೂ ಕೊನೆಯ ತನಕ ಬಡ್ಡಿ ಕೊಡಬೇಕಲ್ಲ. ಲೆಕ್ಕ ಹಾಕಿ ಹೇಳಿದೆ: ಶೇ 17ಕ್ಕೂ ಹೆಚ್ಚು. ಆ ಕಡೆಯಿಂದ ಕುರ್ಚಿ ಹಿಂದೆ ಸರಿಸಿದ ಸದ್ದು ಕೇಳಿತು. ಅವನು ಅಲ್ಲಿ ಸಹಿ ಹಾಕಲಿಲ್ಲ. ಎಂಟು ತಿಂಗಳು ಉಳಿಸಿ, ಮೊದಲ ವರ್ಷದ ಶುಲ್ಕವನ್ನು ಕೈಯಿಂದಲೇ ಕಟ್ಟಿ ಮುಂದಿನ ಸೆಮಿಸ್ಟರ್‌ಗೆ ಸೇರಿದ.